ಮರೆವಿನ ರೋಗಕ್ಕೆ ಹೊಸ ಮದ್ದು: ಆಸೆ ಎಷ್ಟು, ಲೆಕ್ಕ ಎಷ್ಟು?

(ಜಾತ್ರೋತ್ಸವದ ಅಂಗವಾಗಿ ಜರಗಿದ ಹಿರಿಯರ ಸನ್ಮಾನ ಸಭೆಯಲ್ಲಿ ಕ್ಷೇತ್ರದ ಮೊಕ್ತೇಸರರೊಬ್ಬರು ಮಾಡಿದ ಭಾಷಣ)



ಹಿರಿಯರನ್ನು ಗೌರವಿಸುವ ಸಭೆಯಲ್ಲಿ ಮರೆವಿನ ಮಾತು ಯಾಕೆಂದು ಕೆಲವರಿಗೆ ತೋರಬಹುದು. ಅಂಗಡಿಯ ಜಗಲಿಯಲ್ಲಿ ಇತ್ತೀಚೆಗೆ ಕೆಲವರು ಕೇಳುವುದುಂಟು: "ಮರೆವಿಗೆ ಇಂಜೆಕ್ಷನ್ ಬಂದಿದೆಯಂತೆ ಅಣ್ಣ, ಜಾಗ ಮಾರಿಯಾದರೂ ಅಮ್ಮನಿಗೆ ಕೊಡಿಸಬಹುದಾ?" ಜಾಗ ಮಾರುವವರೆಗೆ ಮಾತು ಬಂದ ಮೇಲೆ ಸುಮ್ಮನಿರುವುದು ಸರಿಯಲ್ಲ. ನಾನು ವೈದ್ಯನಲ್ಲ, ಓದಿ, ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಅರುವತ್ತಕ್ಕೆ ಅರಳುಮರಳು ಎಂದು ನಾವು ನಕ್ಕು ಬಿಡುತ್ತೇವೆ. ಸಾಮಾನಿನ ಚೀಟಿ ಮನೆಯಲ್ಲೇ ಬಿಟ್ಟು ಬರುವುದು ಬೇರೆ. ಹತ್ತು ನಿಮಿಷ ಮೊದಲು ಕೊಂಡ ಸಕ್ಕರೆಯನ್ನೇ ಪುನಃ ಕೇಳುವುದು, ನಲುವತ್ತು ವರ್ಷ ನಡೆದ ದಾರಿ ತಪ್ಪುವುದು ಬೇರೆ. ಇಂಥದ್ದು ಮನೆಯವರಿಗಿಂತ ಮೊದಲು ಅಂಗಡಿಯವನ ಕಣ್ಣಿಗೆ ಬೀಳುವುದೂ ಉಂಟು.

ಜರ್ಮನಿಯ ಆಲ್ಜೈಮರ್ ಎಂಬ ವೈದ್ಯರು, ಐವತ್ತರ ಪ್ರಾಯದಲ್ಲೇ ನೆನಪು ಕಳೆದುಕೊಂಡು ತೀರಿಹೋದ ಮಹಿಳೆಯೊಬ್ಬರ ಮೆದುಳನ್ನು ಪರೀಕ್ಷಿಸಿ, ಅಲ್ಲಿ ಕಂಡ ಗಂಟುಗಳ ವಿಷಯವನ್ನು 1906ರಲ್ಲಿ ತಿಳಿಸಿದರು. ಅದರಲ್ಲಿ ಒಂದು ಬಗೆಯದ್ದು ಅಮೈಲಾಯ್ಡ್ ಎಂಬ ಪ್ರೋಟೀನು, ಕೆರೆಯ ಹೂಳಿನಂತೆ ಕೂಡುವಂಥದ್ದು, ಎಂದು ಮುಂದೆ ಗೊತ್ತಾಯಿತು. ಶರೀರದ ರೋಗನಿರೋಧಕ ಶಕ್ತಿಯಿಂದಲೇ ಈ ಹೂಳನ್ನು ತೆಗೆಸಬಾರದೇಕೆ ಎಂಬುದು ವಿಜ್ಞಾನಿಗಳ ಯೋಚನೆ. 1999ರಲ್ಲಿ ಇಲಿಗಳಿಗೆ ಲಸಿಕೆ ಕೊಟ್ಟಾಗ ಹೂಳು ಕಡಿಮೆಯಾಯಿತು. ಆದರೆ ಮನುಷ್ಯರಿಗೆ ಕೊಟ್ಟಾಗ, ಲಸಿಕೆ ಪಡೆದ ಸುಮಾರು 300 ಮಂದಿಯಲ್ಲಿ 18 ಮಂದಿಗೆ ಮೆದುಳಿನ ಉರಿಯೂತ ಬಂತು. 2002ರಲ್ಲಿ ಆ ಪ್ರಯೋಗವನ್ನೇ ನಿಲ್ಲಿಸಿದರು.

ಬಳಿಕ ದಾರಿ ಬದಲಾಯಿತು. ಪ್ರತಿಕಾಯವನ್ನು ಹೊರಗೆ ಸಿದ್ಧಪಡಿಸಿ ರಕ್ತನಾಳದ ಮೂಲಕ ಕೊಡುವುದು. ಅದು ಹೂಳಿಗೆ ಅಂಟಿಕೊಂಡರೆ, ಮೆದುಳಿನ ಕಾವಲು ಕೋಶಗಳು ಗುರುತಿಸಿ ಸಾಗಹಾಕುತ್ತವೆ. ಇದರಲ್ಲೂ ಒಂದರ ಮೇಲೊಂದು ಮದ್ದು ಸೋತಿತು. ಅಡುಕಾನುಮ್ಯಾಬ್ ಎಂಬುದಕ್ಕೆ ಅಮೆರಿಕ 2021ರಲ್ಲಿ ಒಪ್ಪಿಗೆ ಕೊಟ್ಟಾಗ ದೊಡ್ಡ ವಿವಾದವೇ ಆಯಿತು. ಅದನ್ನು ಕೈಬಿಡುತ್ತೇವೆಂದು 2024ರಲ್ಲಿ ಕಂಪೆನಿಯೇ ಹೇಳಿತು.

ಈಗ ಜನ ಮಾತಾಡಿಕೊಳ್ಳುವುದು ಲೆಕಾನೆಮ್ಯಾಬ್ ಬಗ್ಗೆ. 1795 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಮದ್ದು, ಇನ್ನೊಂದಕ್ಕೆ ಬರೀ ದ್ರವ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ಗೊತ್ತಿಲ್ಲ. ಹದಿನೆಂಟು ತಿಂಗಳ ಬಳಿಕ ನೋಡಿದರೆ ಎರಡೂ ಕಡೆಯವರು ಇಳಿದಿದ್ದರು. ಮದ್ದು ಪಡೆದವರು ಶೇಕಡಾ 27ರಷ್ಟು ನಿಧಾನವಾಗಿ. 27 ಎಂದರೆ ದೊಡ್ಡದಾಗಿ ಕೇಳುತ್ತದೆ. ಆದರೆ 18 ಅಂಕದ ಅಳತೆಯಲ್ಲಿ ವ್ಯತ್ಯಾಸ 0.45, ಅರ್ಧ ಅಂಕಕ್ಕೂ ಕಮ್ಮಿ. ವ್ಯಾಪಾರಿಯಾದವನು ಶೇಕಡಾವಾರು ಕೇಳಿದೊಡನೆ ಮೂಲ ಮೊತ್ತ ಎಷ್ಟೆಂದು ಕೇಳಲೇಬೇಕು! ಹಾಗೆಂದು ತೆಗೆದುಹಾಕುವಂಥದ್ದೂ ಅಲ್ಲ. ನೂರು ವರ್ಷ ಏನೂ ಮಾಡಲಾಗದಿದ್ದ ರೋಗದ ಓಟ ಸ್ವಲ್ಪವಾದರೂ ತಗ್ಗಿತಲ್ಲ. ಅಮೆರಿಕದಲ್ಲಿ 2023ರಲ್ಲಿ ಇದಕ್ಕೂ, 2024ರಲ್ಲಿ ಡೊನಾನೆಮ್ಯಾಬ್ ಎಂಬ ಇನ್ನೊಂದಕ್ಕೂ ಪೂರ್ಣ ಒಪ್ಪಿಗೆ ಸಿಕ್ಕಿತು.

ಅಪಾಯವೂ ಇದೆ. ಲೆಕಾನೆಮ್ಯಾಬ್ ಪಡೆದವರಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಮಂದಿಯ ಮೆದುಳಿನಲ್ಲಿ ಬಾವು ಕಂಡಿತು. ಹೆಚ್ಚಿನವರಿಗೆ ತೊಂದರೆ ಗೊತ್ತಾಗದಿದ್ದರೂ ಕೆಲವರಿಗೆ ರಕ್ತಸ್ರಾವವಾಯಿತು, ಸಾವುಗಳೂ ವರದಿಯಾಗಿವೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಬಹಳ ಎಚ್ಚರದಿಂದಿರಬೇಕು. ಎರಡು ವಾರಕ್ಕೊಮ್ಮೆ ಆಸ್ಪತ್ರೆ, ಆಗಾಗ ಸ್ಕ್ಯಾನಿಂಗ್. ಖರ್ಚು ಮದ್ದಿನದ್ದು ಮಾತ್ರವಲ್ಲ.

ಜಾಗ ಮಾರುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಗನ ಗುರುತೇ ಸಿಗದ ಹಂತಕ್ಕೆ ಹೋದವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಈ ಮದ್ದು ರೋಗದ ಆರಂಭದಲ್ಲಿರುವವರಿಗೆ ಮಾತ್ರ. ಕೆರೆಯ ಹೂಳು ತೆಗೆದರೆ ಸತ್ತ ಮೀನು ಎದ್ದು ಬರುವುದಿಲ್ಲ. ಅಂಥ ತಾಯಿಗೆ ಇಂಜೆಕ್ಷನ್ನಿಗಿಂತ ರಾತ್ರಿ ಎಚ್ಚರವಿರುವ ಒಬ್ಬರು ಮನೆಯಲ್ಲಿ ಬೇಕು, ಹಗಲೆಲ್ಲ ನೋಡಿಕೊಳ್ಳುವ ಸೊಸೆಗೆ ಸ್ವಲ್ಪ ಬಿಡುವು ಬೇಕು. ಹಣ ಇದ್ದರೆ ಅದಕ್ಕೆ ಖರ್ಚು ಮಾಡಿ.

ಮರೆವು ಈಗಷ್ಟೇ ಶುರುವಾಗಿದ್ದರೆ ಮಂಗಳೂರಿಗಾದರೂ ಕರೆದುಕೊಂಡು ಹೋಗಿ ನರರೋಗ ತಜ್ಞರಿಗೆ ತೋರಿಸಿ. ಥೈರಾಯ್ಡ್, ಬಿ12 ಕೊರತೆ, ಮನಸ್ಸಿನ ಖಿನ್ನತೆ, ಇವುಗಳಿಂದಲೂ ಮರೆವು ಬರುತ್ತದೆ. ಅದಕ್ಕೆ ಸುಲಭದ ಚಿಕಿತ್ಸೆ ಇದೆ. ಬಿ.ಪಿ., ಸಕ್ಕರೆ ಹತೋಟಿಯಲ್ಲಿರಲಿ. ಕಿವಿ ಕೇಳದಿದ್ದರೆ ಯಂತ್ರ ಹಾಕಿಸಲು ನಾಚಿಕೆ ಬೇಡ, ಅದೂ ಮರೆವಿಗೆ ಒಂದು ಕಾರಣವೆನ್ನುತ್ತಾರೆ. ನಮ್ಮ ಕೇರಳದಲ್ಲಿಯೇ 1992ರಲ್ಲಿ ಈ ರೋಗಿಗಳ ಮನೆಯವರಿಗಾಗಿ ಎ.ಆರ್.ಡಿ.ಎಸ್.ಐ. ಎಂಬ ಸಂಘ ಹುಟ್ಟಿದೆ, ವಿಚಾರಿಸಬಹುದು.

ಅನ್ನಸಂತರ್ಪಣೆಗೆ ಹೊತ್ತಾಯಿತು, ಅಡುಗೆಯವರು ಆಗಲೇ ಇಣುಕಿ ನೋಡುತ್ತಿದ್ದಾರೆ.