ತಕ್ಕಡಿಗೆ ಕಾಣದ ಬಲ

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನೋಡಿದ್ದೀರಾ? ಅಲ್ಲಿ ಜನ ಕೇಳುವುದು ಕಲ್ಲಿನ ತೂಕವನ್ನು, ಎತ್ತುವವನ ತೂಕವನ್ನಲ್ಲ. ನಾವೋ, ಬೆಳಗ್ಗೆ ತೂಕದ ಯಂತ್ರದ ಮೇಲೆ ನಿಂತು, ಅರ್ಧ ಕಿಲೋ ಹೆಚ್ಚಾದರೆ ಉಪ್ಪಿಟ್ಟಿನ ಮೇಲೆ ಸಿಟ್ಟಾಗುತ್ತೇವೆ. ರಾತ್ರಿ ತಿಂದ ಉಪ್ಪಿನಕಾಯಿ ಹಿಡಿದಿಟ್ಟ ನೀರೂ ಆ ಅಂಕಿಯಲ್ಲಿ ಸೇರಿರುತ್ತದೆ.

ವಯಸ್ಸಾದಂತೆ ಸ್ನಾಯು ಕರಗುತ್ತದೆ. ತೂಕ ಹಾಗೇ ಇದ್ದರೂ ಬಲ ಇಳಿದಿರಬಹುದು. ಹಿರಿಯರ ಕಾಲಿನ ಬಲ ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಗೋಡೆಗೆ ಒತ್ತಿ ಕುರ್ಚಿ ಹಾಕಿ, ಕೈಗಳನ್ನು ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲಬಲ್ಲಿರಿ ಎಂದು ಎಣಿಸುವುದು. ಗುರಿ ಅಲ್ಲಿಂದಲೇ ಹುಟ್ಟಲಿ: ಮುಂದಿನ ತಿಂಗಳು ಇನ್ನೆರಡು ಸಲ. ಆಮೇಲೆ ಪಂಕ್ತಿಯೂಟ ಮುಗಿಸಿ ಕೈಯೂರದೆ ಏಳುವುದು, ಅಕ್ಕಿ ಚೀಲ ಹೊತ್ತು ಮೆಟ್ಟಿಲು ಹತ್ತುವುದು.

ವಿಶ್ವ ಆರೋಗ್ಯ ಸಂಸ್ಥೆ ನಡಿಗೆಯಂಥ ಚಟುವಟಿಕೆಯ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ವಾಕಿಂಗ್ ಒಂದೇ ಸಾಲದು ಎಂದರೆ ಪಾರ್ಕಿನ ಗೆಳೆಯರಿಗೆ ಬೇಸರವಾದೀತು, ಆದರೂ ನಿಜ. ಮಂಡಿನೋವು, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಿ. ಉಳಿದವರು ಇವತ್ತೇ ಎಣಿಸಿ, ಕ್ಯಾಲೆಂಡರಿನಲ್ಲಿ ಬರೆದಿಡಿ.