ಅರ್ಥ ಕೆಡದ ಲೋಪ



ಕನ್ನಡ ವ್ಯಾಕರಣವನ್ನು ಬೋಧಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ನಿವೃತ್ತನಾದ ಮೇಲೆ ಲೋಪಸಂಧಿಯ ಪಾಠವನ್ನು ಮತ್ತೊಮ್ಮೆ ಕಲಿತದ್ದು ನಮ್ಮೂರು ತಡಸದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಎಂದರೆ ತಾವು ನಗಬಹುದು.

ನೆರೆಮನೆಯ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ಈಗ ಅರ್ಜಿ ಹೋಗುವುದು ಗಣಕಯಂತ್ರದ ಮೂಲಕ. ಭಾವಚಿತ್ರ ೫೦ ಕೆಬಿ ಮೀರಬಾರದು, ಅಂಕಪಟ್ಟಿ ೨೦೦ ಕೆಬಿ ಮೀರಬಾರದು ಎಂಬ ಕಟ್ಟಳೆ. ಮೊಬೈಲಿನಲ್ಲಿ ತೆಗೆದ ಅಂಕಪಟ್ಟಿಯ ಚಿತ್ರ ಅದರ ಹತ್ತಾರು ಪಟ್ಟು ದೊಡ್ಡದಾಗಿತ್ತು. ಯಾರೋ ಅವಸರದಲ್ಲಿ ಹಿಂಡಿ ಕಳುಹಿಸಿದರು. ಹದಿನೈದು ದಿನಕ್ಕೆ ಅರ್ಜಿ ಮರಳಿ ಬಂತು. ಅಕ್ಷರ ಓದಲಾಗುತ್ತಿಲ್ಲವೆಂಬ ಷರಾ ಅದರ ಮೇಲಿತ್ತು. ಕೊನೆಯ ದಿನಾಂಕಕ್ಕೆ ಎರಡೇ ದಿನ. “ಅಜ್ಜಾರ, ದೊಡ್ಡದಾದ್ರ ತಗೊಳ್ಳವಲ್ದು, ಸಣ್ಣ ಮಾಡಿದ್ರ ಓದಾಕ ಬರವಲ್ದು. ಏನ ಮಾಡ್ಲಿ?” ಎಂದು ಆಕೆ ಕಣ್ಣಲ್ಲಿ ನೀರು ತಂದುಕೊಂಡಳು. ಅಂದು ಅವಳೊಡನೆ ಅಂಗಡಿಗೆ ಹೋದೆ.

ಅವಳ ಪ್ರಶ್ನೆಯನ್ನು ನಮ್ಮ ವೈಯಾಕರಣರು ಎಂದೋ ಎತ್ತಿಕೊಂಡಿದ್ದಾರೆ. ಸ್ವರದ ಮುಂದೆ ಸ್ವರ ಬಂದಾಗ, ಅರ್ಥ ಕೆಡದಂತಿದ್ದರೆ ಮಾತ್ರ, ಮೊದಲಿನ ಸ್ವರ ಲೋಪವಾಗುತ್ತದೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಹೋಯಿತು, ಊರು ಉಳಿಯಿತು. ಆದರೆ ‘ಮನೆ’ಗೆ ‘ಅನ್ನು’ ಸೇರುವಾಗ ಎಕಾರವನ್ನು ಕಿತ್ತರೆ ಮನೆಯೇ ಮಾಯವಾಗುತ್ತದೆ. ಆದ್ದರಿಂದ ಅಲ್ಲಿ ಯಕಾರವನ್ನು ತಂದು ‘ಮನೆಯನ್ನು’ ಎನ್ನುತ್ತೇವೆ. ಚಿತ್ರಗಳನ್ನು ಕಿರಿದುಗೊಳಿಸುವ ವಿದ್ಯೆಯೂ ಈ ಸೂತ್ರದ ಮೇಲೆಯೇ ನಿಂತಿದೆ.

ಆ ವಿದ್ಯೆಯ ಅಡಿಗಲ್ಲನ್ನಿಟ್ಟವರಲ್ಲಿ ಒಬ್ಬರು ನಮ್ಮ ನಾಡಿನವರೆಂಬುದು ಅನೇಕರಿಗೆ ತಿಳಿಯದು. ನಾಸಿರ್ ಅಹಮದ್ ೧೯೪೦ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಂದು ವಿಶ್ವೇಶ್ವರಯ್ಯನವರ ಹೆಸರು ಹೊತ್ತಿರುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಿಂದ ೧೯೬೧ರಲ್ಲಿ ಪದವಿ ಪಡೆದು, ಅಮೆರಿಕೆಗೆ ತೆರಳಿದರು. ೧೯೭೨ರಲ್ಲಿ ತಮ್ಮ ಒಂದು ಯೋಚನೆಗಾಗಿ ಅವರು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೇಳಿದರು, ಅದು ದೊರೆಯಲಿಲ್ಲ. ಆದರೂ ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ ೧೯೭೪ರ ಜನವರಿಯಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತಕ್ರಮವನ್ನು ಪ್ರಕಟಿಸಿದರು. ೧೯೯೨ರಲ್ಲಿ ಮಾನಕವಾಗಿ ರೂಪುಗೊಂಡ ಜೆಪೆಗ್ ಎಂಬ ಚಿತ್ರಪದ್ಧತಿಯ ಜೀವಾಳ ಇದೇ.

ಅದರ ಬಗೆ ಹೀಗೆ. ಚಿತ್ರವನ್ನು ಉದ್ದಕ್ಕೆ ಎಂಟು, ಅಡ್ಡಕ್ಕೆ ಎಂಟು ಬಿಂದುಗಳ ಚೌಕಗಳಾಗಿ ಒಡೆಯುತ್ತಾರೆ. ಒಂದು ಚೌಕದ ೬೪ ಬಿಂದುಗಳ ಬೆಳಕನ್ನು ಬೇರೆ ೬೪ ಸಂಖ್ಯೆಗಳಾಗಿ ಮಾರ್ಪಡಿಸಿದಾಗ, ನಿಧಾನವಾದ ಏರಿಳಿತವೊಂದು ಕಡೆ, ಸೂಕ್ಷ್ಮ ನಡುಕವೊಂದು ಕಡೆ ಬೇರ್ಪಡುತ್ತವೆ. ನಮ್ಮ ಕಣ್ಣು ನಿಧಾನವಾದುದನ್ನು ಚೆನ್ನಾಗಿ ಗ್ರಹಿಸುತ್ತದೆ, ಸೂಕ್ಷ್ಮವಾದುದನ್ನು ಅಷ್ಟಾಗಿ ಗಮನಿಸದು. ಬಣ್ಣದ ಸೂಕ್ಷ್ಮವನ್ನಂತೂ ಇನ್ನೂ ಕಡಿಮೆ. ಕಣ್ಣು ಕಾಣದ್ದನ್ನು ಕೈಬಿಟ್ಟರೆ ಮುಖ ಮುಖವಾಗಿಯೇ ಉಳಿಯುತ್ತದೆ. ಇದು ಅರ್ಥ ಕೆಡದ ಲೋಪ.

ಅಕ್ಷರದ ಮಾತು ಬೇರೆ. ‘ದನ’ಕ್ಕೂ ‘ಧನ’ಕ್ಕೂ ಇರುವ ಭೇದ ಕೆಳಗಿನ ಒಂದು ಪುಟ್ಟ ಗೀಟು. ‘ಬ’ ‘ಭ’ಗಳ ಕಥೆಯೂ ಅದೇ. ಕಪ್ಪು–ಬಿಳುಪುಗಳ ಆ ಚೂಪಾದ ಅಂಚು ಗಣಿತದ ದೃಷ್ಟಿಯಲ್ಲಿ ಸೂಕ್ಷ್ಮ ನಡುಕ. ಅತಿಯಾಗಿ ಹಿಂಡಿದಾಗ ಮೊದಲು ಕೆಡುವುದು ಅದೇ. ಒತ್ತಕ್ಷರಗಳ ಕನ್ನಡಕ್ಕೆ ಈ ಅಪಾಯ ಹೆಚ್ಚು.

ಅಂಗಡಿಯ ತರುಣ, “ಸರ, ಮೊದ್ಲ ಅಳತಿ ಇಳಸೂಣ್ರಿ, ಆಮ್ಯಾಲ ಹಿಂಡೂಣು” ಎಂದ. ಅವನ ಮಾತಿನಲ್ಲಿ ತಥ್ಯವಿತ್ತು. ಮೊಬೈಲಿನ ಚಿತ್ರದಲ್ಲಿ ೧ ಕೋಟಿ ೨೦ ಲಕ್ಷ ಬಿಂದುಗಳು. ಬಿಂದುವಿಗೆ ಮೂರು ಬೈಟಿನಂತೆ ೩ ಕೋಟಿ ೬೦ ಲಕ್ಷ ಬೈಟು. ಅದರಲ್ಲಿ ಮೇಜು, ನೆರಳು, ಹುಡುಗಿಯ ಹೆಬ್ಬೆರಳು ಎಲ್ಲವೂ ಸೇರಿದ್ದವು. ಅಂಕಪಟ್ಟಿಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಸಪಾಟಾಗಿಟ್ಟು, ಅಂಗುಲಕ್ಕೆ ೧೫೦ ಬಿಂದುಗಳಂತೆ, ಬಣ್ಣ ಬಿಟ್ಟು ಬೂದುಛಾಯೆಯಲ್ಲಿ ತೆಗೆದರೆ ಸುಮಾರು ೨೨ ಲಕ್ಷ ಬೈಟು ಸಾಕು. ಹಿಂಡುವ ಮುನ್ನವೇ ಭಾರ ಹದಿನಾರನೆಯ ಒಂದು ಪಾಲಿಗೆ ಇಳಿಯಿತು. ಉಳಿದುದನ್ನು ಹದವಾಗಿ ಹಿಂಡಿದಾಗ ೨೦೦ ಕೆಬಿಯೊಳಗೆ ಬಂತು. ಮುದ್ರೆ, ಸಹಿ, ಅಂಕೆಗಳೆಲ್ಲ ಸ್ಪಷ್ಟವಾಗಿದ್ದವು. ಭಾವಚಿತ್ರಕ್ಕೂ ಅದೇ ಕ್ರಮ: ೩೫ ಮಿಲಿಮೀಟರ್ ಅಗಲ, ೪೫ ಎತ್ತರದ ಚಿತ್ರವನ್ನು ಒಳ್ಳೆಯದಾಗಿ ಮುದ್ರಿಸಲು ೪೧೩ ಅಡ್ಡ, ೫೩೧ ಉದ್ದ ಬಿಂದುಗಳು ಸಾಕು. ಬರಿಯ ಕಪ್ಪು ಅಕ್ಷರದ ಪುಟವಾದರೆ ಬಿಂದುವಿಗೆ ಒಂದೇ ಬಿಟ್ ಸಾಲುತ್ತದೆ. ಆದರೆ ಹಾಗೆ ಮಾಡಿದಲ್ಲಿ ಮಸುಕಾದ ಮುದ್ರೆ ಅಳಿದೀತು.

ಇನ್ನೊಂದು ಎಚ್ಚರಿಕೆಯ ಮಾತು. ಕೆಲವು ಯಂತ್ರಗಳು ಪುಟದಲ್ಲಿ ಒಂದೇ ತೆರನಾಗಿ ಕಾಣುವ ಅಕ್ಷರಗಳನ್ನು ಹುಡುಕಿ, ಒಂದನ್ನೇ ಉಳಿಸಿ, ಉಳಿದೆಡೆ ಅದನ್ನೇ ಒತ್ತುತ್ತವೆ. ೨೦೧೩ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕವಿಜ್ಞಾನಿ, ಪ್ರತಿ ತೆಗೆಯುವ ಇಂಥ ಯಂತ್ರಗಳು ೬ ಇದ್ದಲ್ಲಿ ೮ ಬರೆಯುತ್ತಿದ್ದುದನ್ನು ಬಯಲಿಗೆಳೆದರು. ಹಸ್ತಪ್ರತಿಗಳೊಡನೆ ಹೆಣಗಿದವರಿಗೆ ಈ ರೋಗ ಹೊಸದಲ್ಲ. ಓಲೆಗರಿಯಲ್ಲಿ ಅಕ್ಷರ ಸವೆದಿದ್ದರೆ ಅಲ್ಲಿ ತೊಡಕಿದೆಯೆಂದು ಸಂಪಾದಕನಿಗೆ ಕಾಣುತ್ತದೆ. ಲಿಪಿಕಾರ ತನಗೆ ತೋಚಿದ ಅಕ್ಷರವನ್ನು ಅಂದವಾಗಿ ಬರೆದುಬಿಟ್ಟಿದ್ದರೆ ತಪ್ಪಿನ ಸುಳಿವೇ ಸಿಗದು. ಮಸುಕಿಗಿಂತ ಇಂಥ ಶುಭ್ರತೆ ಅಪಾಯಕರ.

ಆದ್ದರಿಂದ ಮೂಲಚಿತ್ರವನ್ನು ಬೇರೆಯಾಗಿ ಕಾಪಾಡಿಕೊಳ್ಳಬೇಕು. ಕಳೆದುಹೋದುದು ಚಿತ್ರವನ್ನು ಹಿಗ್ಗಿಸಿದರೆ ಮರಳಿ ಬಾರದು. ಕಿರಿದಾದುದನ್ನೇ ಮತ್ತೆ ಮತ್ತೆ ಹಿಂಡಬಾರದು. ಪ್ರತಿ ಸಲವೂ ಮೂಲದಿಂದಲೇ ಆರಂಭಿಸಬೇಕು. ಕಳುಹಿಸುವ ಮುನ್ನ ಹೆಸರನ್ನೂ ಅಂಕೆಗಳನ್ನೂ ಮೂಲದೊಡನೆ ಹೋಲಿಸಿ ಓದಬೇಕು.

ಅಂದು ನಾವು ಹಾಗೆಯೇ ಮಾಡಿದೆವು. ಹುಡುಗಿ ಪರದೆಯ ಮೇಲಿನದನ್ನು ಓದಿದಳು, ನಾನು ಕಾಗದ ಹಿಡಿದು ತಾಳೆ ನೋಡಿದೆ. ಅವಳ ತಂದೆಯ ಹೆಸರಿನ ಒತ್ತಕ್ಷರವೂ ಸರಿಯಾಗಿತ್ತು. ಅರ್ಜಿ ಈ ಸಲ ಮರಳಿ ಬರಲಿಲ್ಲ. ಎಷ್ಟು ಬಿಡಬಹುದೆಂಬುದನ್ನು ಯಂತ್ರ ಲೆಕ್ಕ ಹಾಕೀತು. ಯಾವುದನ್ನು ಬಿಡಬಾರದೆಂಬುದನ್ನು ಮಾತ್ರ ಓದಬಲ್ಲ ಮನುಷ್ಯನೇ ಹೇಳಬೇಕು.