ಕಲಿಯಲು ಕಷ್ಟಪಡುವ ಮಗು

ಅರಬಿಯ ಬಾ, ತಾ, ಸಾ ಅಕ್ಷರಗಳ ನಡುವೆ ವ್ಯತ್ಯಾಸ ಬರೀ ಚುಕ್ಕಿಗಳದ್ದು. ಡಿಸ್‌ಲೆಕ್ಸಿಯಾ ಇರುವ ಮಗು ಅಲ್ಲೇ ಎಡವುತ್ತದೆ. ಕೇಳಿ ಕಲಿತ ಸೂರಾವನ್ನು ಅದೇ ಮಗು ಸರಾಗವಾಗಿ ಹೇಳುವುದೂ ಉಂಟು. ಹಾಗಾಗಿಯೇ ನೋಡಿ ಓದುವಾಗ ತಡವರಿಸಿದರೆ ‘ಸೋಮಾರಿ’ ಎಂದು ಬೆತ್ತ ಎತ್ತುತ್ತೇವೆ. ಕೆಲವು ಮಕ್ಕಳಿಗೆ ಬರವಣಿಗೆಯೇ ಕಷ್ಟ, ಅದು ಡಿಸ್‌ಗ್ರಾಫಿಯಾ. ಲೆಕ್ಕ ಹತ್ತದಿರುವುದು ಡಿಸ್‌ಕ್ಯಾಲ್ಕುಲಿಯಾ. ಬುದ್ಧಿ ಕಡಿಮೆಯೆಂದು ಅರ್ಥವಲ್ಲ.

ಕುರ್‌ಆನನ್ನು ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲವಿದೆಯೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಅಲ್ಲಾಹನು ಇಮ್ಮಡಿ ಕೊಡುವಲ್ಲಿ ನಾವು ಕೊಡುವುದು ಏಟು!

ತಾಯತಕ್ಕೆ ಓಡುವ ಮೊದಲು ಮಗುವನ್ನು ತಜ್ಞರಿಗೆ ತೋರಿಸಿ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯವಸ್ಥೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ತೊಂದರೆಯನ್ನು ಗುರುತಿಸಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಿಯಾಯಿತಿಗೆ ಅರ್ಜಿ ಹಾಕಬಹುದು. ಉಸ್ತಾದರಲ್ಲಿ ಒಂದು ವಿನಂತಿ: ಅಂಥ ಮಗುವಿಗೆ ನಾಳೆಯ ಪಾಠವನ್ನು ಮೊದಲು ಓದಿ ಕೇಳಿಸಿ.